ಅತ್ತೆ ಇಟ್ಟ ಹೆಸರಿಗೆ ಸೊನ್ನೆ ಅಂಕ

ಯುವ ಸಂಶೋಧಕರ ಫೆಲೋಶಿಪ್ ವಿಭಾಗದ ಮಾನ್ಯ ನಿರ್ದೇಶಕರೇ,

ನನ್ನ ಅರ್ಜಿಯನ್ನು ತಾವು ತಿರಸ್ಕರಿಸಿದ್ದೀರಿ. ಅದು ತಮ್ಮ ಅಧಿಕಾರ. ತಿರಸ್ಕಾರ ನನಗೇನೂ ಹೊಸದಲ್ಲ. ರಾತ್ರಿ ಸರಿಯಿದ್ದ ಪ್ರಮೇಯ ಬೆಳಿಗ್ಗೆ ಮುರಿದು ಬೀಳುವುದನ್ನು ನೋಡಿ ನೋಡಿ ಗಣಿತದವರ ಚರ್ಮ ದಪ್ಪವಾಗಿರುತ್ತದೆ. ಆದರೆ ತಾವು ಕೊಟ್ಟ ಕಾರಣವಿದೆಯಲ್ಲ, ಅದನ್ನು ಓದಿ ನಗಬೇಕೋ ಅಳಬೇಕೋ ತಿಳಿಯದೆ ಬರೆಯಲು ಕೂತಿದ್ದೇನೆ. 'ಅರ್ಜಿದಾರರು ಯಾವ ಲೇಖನದಲ್ಲೂ ಮೊದಲ ಲೇಖಕರಲ್ಲ. ಆದ್ದರಿಂದ ಸ್ವಂತ ಸಂಶೋಧನೆಗೆ ಸೊನ್ನೆ ಅಂಕ.'

ಮಾನ್ಯರೇ, ಗಣಿತದಲ್ಲಿ, ಗಣಿತಕ್ಕೆ ಅಂಟಿಕೊಂಡಿರುವ ಕಂಪ್ಯೂಟರ್ ವಿಜ್ಞಾನದ ಮಗ್ಗುಲಲ್ಲೂ, ಒಂದು ಹಳೆಯ ರೂಢಿಯಿದೆ. ಲೇಖನದ ಮೇಲೆ ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಹಾಕುತ್ತೇವೆ, ಅಷ್ಟೇ. ಯಾರು ದುಡಿದರು, ಯಾರು ಬರೀ ಕಾಫಿ ಕುಡಿದರು ಎಂಬ ಜಗಳವೇ ಬೇಡವೆಂದು ಹಿರಿಯರು ಮಾಡಿಟ್ಟ ಏರ್ಪಾಡು. ಬೇರೆ ವಿಜ್ಞಾನಗಳಲ್ಲಿ ಹಾಗಲ್ಲ. ಅಲ್ಲಿ ಹೆಚ್ಚು ದುಡಿದವರು ಮೊದಲು, ಪ್ರಯೋಗಾಲಯದ ಯಜಮಾನರು ಕೊನೆಗೆ. ತಮ್ಮ ಕಚೇರಿ ಅವರ ಅಳತೆಗೋಲು ಹಿಡಿದು ನಮ್ಮನ್ನು ಅಳೆಯಿತು. ನನ್ನ ಹೆಸರೋ, ಅಕ್ಷರಮಾಲೆಯ ಕೊನೆಯ ಬೆಂಚಿನದು. ಶಾಲೆಯಲ್ಲಿ ಹಾಜರಿ ಕೂಗುತ್ತಾ ನನ್ನವರೆಗೆ ಬರುವಷ್ಟರಲ್ಲಿ ಮೇಷ್ಟ್ರಿಗೆ ಆಕಳಿಕೆ ಬಂದಿರುತ್ತಿತ್ತು. ಈ ಹೆಸರಿನಿಂದ ಲಾಭವಾದದ್ದು ಒಮ್ಮೆ ಮಾತ್ರ, ಲಸಿಕೆ ಹಾಕುವ ದಿನ ಔಷಧಿ ಮುಗಿದುಹೋದಾಗ. ಇನ್ನೂ ತಮಾಷೆಯೆಂದರೆ, ನನ್ನ ಸಂಶೋಧನೆಯ ವಿಷಯವೇ ವಿಂಗಡಣೆ: ರಾಶಿ ರಾಶಿ ವಸ್ತುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಬೇಕಾದದ್ದು ಬೇಗ ಕೈಗೆ ಸಿಗುತ್ತದೆ ಎಂಬುದು.

ನನ್ನ ಲೇಖನಗಳಿಗೆಲ್ಲ ಒಬ್ಬ ಜೊತೆಗಾರನಿದ್ದಾನೆ. ಅವನ ಹೆಸರು ಅಕ್ಷರಮಾಲೆಯ ಹೊಸ್ತಿಲಲ್ಲೇ ಸಿಗುತ್ತದೆ, ಅದಕ್ಕೇ ಗೆಳೆಯರು ಅವನನ್ನು ಮೊದಲಿಗ ಎನ್ನುತ್ತಾರೆ. ಅವೇ ಲೇಖನಗಳನ್ನು ತೋರಿಸಿ ಮೊದಲಿಗ ಕಳೆದ ವರ್ಷ ಇದೇ ಫೆಲೋಶಿಪ್ಪನ್ನು ಪೂರ್ಣ ಅಂಕಗಳೊಂದಿಗೆ ಪಡೆದ. ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು. ಆದರೆ ಮನುಷ್ಯ ಪ್ರಾಮಾಣಿಕ. ನನ್ನ ಫಲಿತಾಂಶ ಕೇಳಿದವನೇ ಕಪ್ಪುಹಲಗೆ ಒರೆಸುವುದನ್ನು ನಿಲ್ಲಿಸಿ, "ಛೆ, ಮುಖ್ಯ ಪ್ರಮೇಯ ನಿಂದು ಕಣೇ. ಅದು ಸುಳ್ಳು ಅಂತ ತಿಂಗಳುಗಟ್ಲೆ ವಾದ ಮಾಡಿದ್ದು ನಾನು. ತಡಿ, ಬರ್ಕೊಡ್ತೀನಿ" ಎಂದ. ಬರೆದೂ ಕೊಟ್ಟ. ತಮ್ಮ ಕಚೇರಿ ಏನೆಂದು ಉತ್ತರಿಸಿತು, ನೆನಪಿದೆಯೇ? 'ಸಹೋದ್ಯೋಗಿಯ ಶ್ರಮವನ್ನು ಗುರುತಿಸುವ ಈ ಔದಾರ್ಯ ಮೊದಲ ಲೇಖಕರ ನಾಯಕತ್ವ ಗುಣಕ್ಕೆ ಸಾಕ್ಷಿ. ಪತ್ರವನ್ನು ಅವರ ಕಡತಕ್ಕೆ ಸೇರಿಸಲಾಗಿದೆ.'

ಇನ್ನು ಸಂದರ್ಶನದ ವೈಭವ. ಉದ್ದನೆಯ ಮೇಜು, ಮುಚ್ಚಳ ತೆಗೆಯದ ನೀರಿನ ಬಾಟಲಿಗಳು, ನಡುವೆ ತಾವು. ನನ್ನ ಲೇಖನಗಳ ಕಟ್ಟು ಬಿಸ್ಕತ್ತಿನ ತಟ್ಟೆಯ ಕೆಳಗೆ ಕ್ಷೇಮವಾಗಿತ್ತು. ಸದಸ್ಯರೊಬ್ಬರು ಕೇಳಿದರು: "ಎಲ್ಲದ್ರಲ್ಲೂ ಕೊನೆಗೇ ಇದ್ದೀರಲ್ಲಮ್ಮಾ, ನಿಮ್ಮ ಪಾತ್ರ ಏನು, ಟೈಪಿಂಗಾ?" ನಾನು ಬಾಯಿ ತೆರೆಯುವ ಮೊದಲೇ ಜೀವಶಾಸ್ತ್ರದ ಹಿರಿಯರು ನನ್ನ ಪರವಾಗಿ ಎದ್ದರು. "ಏನ್ ಸಾರ್ ನೀವು! ಕೊನೇ ಹೆಸರು ಅಂದ್ರೆ ಲ್ಯಾಬಿನ ಮುಖ್ಯಸ್ಥರು. ನನ್ನ ಪ್ರಶ್ನೆ ಬೇರೆ. ಇಷ್ಟು ದೊಡ್ಡ ಸ್ಥಾನದಲ್ಲಿರೋರು ಯುವ ಸಂಶೋಧಕರ ಅವಕಾಶ ಕಿತ್ಕೊಳ್ಳೋದು ನ್ಯಾಯಾನಾ?"

"ನನ್ನ ಲ್ಯಾಬಲ್ಲಿ ಇರೋದು ಒಂದು ಕಪ್ಪುಹಲಗೆ, ಒಂದು ಕುಂಟು ಕುರ್ಚಿ ಸಾರ್" ಎಂದೆ. ತಾವು ಅದನ್ನು ಗಂಭೀರವಾಗಿ ಬರೆದುಕೊಂಡಿರಿ. ಅಲ್ಲಿಗೆ ಒಬ್ಬರ ಪ್ರಕಾರ ನಾನು ಏನೂ ಮಾಡಿಲ್ಲ, ಇನ್ನೊಬ್ಬರ ಪ್ರಕಾರ ಎಲ್ಲ ಮಾಡಿ ಮುಗಿಸಿದ್ದೇನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಹಳ್ಳಿಯಲ್ಲಷ್ಟೇ ಇರುತ್ತಾರೆಂದು ತಿಳಿದಿದ್ದೆ.

ಹೊರಗೆ ಕಾರಿಡಾರಿನಲ್ಲಿ ತಾವು ಸಿಕ್ಕಿ, ನಿಜವಾದ ಕನಿಕರದಿಂದಲೇ, ಒಂದು ಉಪಾಯ ಹೇಳಿದಿರಿ: "ಅಕ್ಷರಮಾಲೆಯಲ್ಲಿ ನಿಮ್ಮ ನಂತರ ಬರೋರ ಜೊತೆ ಬರೀರಿ, ಸಮಸ್ಯೆನೇ ಇರಲ್ಲ." ಹುಡುಕಿದೆ, ಮಾನ್ಯರೇ. ನಮ್ಮ ವಿಷಯದಲ್ಲಿ ಅಂಥವರು ಒಬ್ಬರೇ ಇದ್ದಾರೆ, ಒಬ್ಬ ಸಿಡುಕು ಸ್ವಭಾವದ ಪ್ರೊಫೆಸರು. ಬಹಳ ವಿನಯದಿಂದ ಪತ್ರ ಬರೆದೆ. "ನಿಮ್ಮಂಥ ಕೊನೇ ಬೆಂಚಿನವರ ಸ್ನೇಹ ಈ ವರ್ಷ ಜಾಸ್ತಿಯಾಗಿದೆ. ನಿಮಗೆ ಬೇಕಾಗಿರೋದು ನನ್ನ ಗಣಿತಾನೋ, ನನ್ನ ಹೆಸರಿನ ಮೊದಲಕ್ಷರಾನೋ?" ಎಂದು ಉತ್ತರ ಬಂತು. ಸತ್ಯ ಹೇಳುವ ಧೈರ್ಯವಾಗದೆ ಆ ಪತ್ರವನ್ನು ಮಡಿಸಿ ಡ್ರಾಯರಿಗೆ ಹಾಕಿದೆ. ಒಬ್ಬಳೇ ಬರೆಯಬಹುದಲ್ಲ ಎನ್ನುತ್ತೀರೇನೋ. ಬರೆದರೆ 'ಸಹಯೋಗ ಮನೋಭಾವ' ಎಂಬ ಪಕ್ಕದ ಕಾಲಂನಲ್ಲಿ ಸೊನ್ನೆ. ಅತ್ತ ದರಿ, ಇತ್ತ ಪುಲಿ.

ಇಷ್ಟಾದರೂ ನಾನು ನಗುತ್ತಲೇ ಇದ್ದೆ. ನಗು ನಿಂತದ್ದು ಮನೆಯಲ್ಲಿ.

ನನಗೆ ಹೆಸರಿಟ್ಟವರು ನನ್ನ ಸೋದರತ್ತೆ, ಅಪ್ಪನ ಅಕ್ಕ. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ನಾನು ಹುಟ್ಟಿದ ದಿನ ಅವರದೇ ಡ್ಯೂಟಿ. ದಾಖಲೆಗೆ ಹೆಸರು ಕೇಳಿದಾಗ ಅಪ್ಪ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದರಂತೆ. ಅತ್ತೆ ತಟ್ಟನೆ ಹೇಳಿಬಿಟ್ಟರಂತೆ. ಈಗ ಅತ್ತೆ ಹುರುಳಿಕಾಯಿ ಹೆಚ್ಚುವುದನ್ನು ಬಿಟ್ಟು, ಕನ್ನಡಕ ಏರಿಸಿಕೊಂಡು ತಾವು ಕಳಿಸಿದ ತಿರಸ್ಕಾರದ ಪತ್ರ ಓದಿದರು.

"ಹಾಗಾದ್ರೆ ತಪ್ಪು ನಂದೇ ಅಲ್ವೇನೇ? ಬೇರೆ ಹೆಸರು ಹೇಳಿದ್ದಿದ್ರೆ ನಿನ್ನ ಅನ್ನಕ್ಕೆ ಕಲ್ಲು ಬೀಳ್ತಿರ್ಲಿಲ್ಲ."

"ಅಯ್ಯೋ ಅತ್ತೆ, ಹೆಸರಿಗೂ ಇದಕ್ಕೂ ಏನು ಸಂಬಂಧ?"

"ಇವರು ಬರೆದಿದ್ದಾರಲ್ಲ ಸಂಬಂಧ. ನಡಿ, ವಕೀಲರ ಹತ್ರ ಹೋಗಿ ಬದಲಾಯ್ಸೋಣ. ಮೊದಲಲ್ಲಿ ಬರೋ ಹಾಗೆ ಏನಾದ್ರೂ ಇಟ್ಕೋ."

ಮಾತು ತಿರುಗಿಸಲೆಂದು, ಅಷ್ಟು ಬೇಗ ಆ ಹೆಸರು ಹೇಗೆ ಹೊಳೆಯಿತು ಎಂದು ಕೇಳಿದೆ. ಅದುವರೆಗೆ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಶಾಲೆಯಲ್ಲಿ ಅವರ ಪಕ್ಕ ಕೂರುತ್ತಿದ್ದ ಹುಡುಗಿಯ ಹೆಸರಂತೆ ಅದು. ಮೇಷ್ಟ್ರು ಹಲಗೆಯಿಂದ ಈ ಕಡೆ ತಿರುಗುವುದರೊಳಗೆ ಅವಳ ಲೆಕ್ಕ ಮುಗಿದಿರುತ್ತಿತ್ತಂತೆ. ತಮ್ಮಂದಿರನ್ನು ನೋಡಿಕೊಳ್ಳಲಿ ಎಂದು ಮನೆಯವರು ಅವಳನ್ನು ಶಾಲೆ ಬಿಡಿಸಿದರು. "ಅವಳ ಹೆಸರಾದ್ರೂ ಮುಂದೆ ಓದ್ಲಿ ಅಂತ ಇಟ್ಟೆ ಕಣೇ" ಎಂದು ಅತ್ತೆ ಮತ್ತೆ ಹುರುಳಿಕಾಯಿ ಹಿಡಿದರು. ನನಗೆ ಅಳು ಬಂತು, ಮಾನ್ಯರೇ, ಮುಚ್ಚಿಡುವುದಿಲ್ಲ.

ಈ ಶೈಕ್ಷಣಿಕ ವರ್ಷ ಮುಗಿದರೆ ನನ್ನ ತಾತ್ಕಾಲಿಕ ಕೆಲಸವೂ ಮುಗಿಯುತ್ತದೆ. ಮುಂದಿನ ವರ್ಷ ತಮ್ಮ ವಯೋಮಿತಿಯ ನಿಯಮದಂತೆ ನಾನು 'ಯುವ' ಅಲ್ಲ. ಬೀದಿಯ ತಿರುವಿನ ಟ್ಯೂಷನ್ ಸೆಂಟರಿನವರು ಕುರ್ಚಿ ಒರೆಸಿ ಕಾಯುತ್ತಿದ್ದಾರೆ. ಪಾಠ ಹೇಳುವುದು ಒಳ್ಳೆಯ ಕೆಲಸವೇ. ಆದರೆ ನನ್ನ ಅರ್ಧ ಬಿಡಿಸಿದ ಸಮಸ್ಯೆ ಕಪ್ಪುಹಲಗೆಯ ಮೇಲೆ ಹಾಗೇ ಇದೆ, ಅದನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ.

ಆದ್ದರಿಂದ ಮುಂದಿನ ತಿಂಗಳ ಮರುಪರಿಶೀಲನಾ ಸಭೆಯಲ್ಲಿ, ದಯವಿಟ್ಟು, ಬಿಸ್ಕತ್ತಿನ ತಟ್ಟೆ ಎತ್ತಿ ಕೆಳಗಿರುವುದನ್ನು ಓದಿ. ತಮಗೆ ಓದಲಾಗದಿದ್ದರೆ ಓದಬಲ್ಲವರನ್ನು ಕರೆಸಿ. ಪ್ರಮೇಯ ಟೊಳ್ಳಾಗಿದ್ದರೆ ಸಂತೋಷದಿಂದ ಸೊನ್ನೆ ಕೊಡಿ, ತಲೆಬಾಗಿ ತೆಗೆದುಕೊಳ್ಳುತ್ತೇನೆ. ಗಣಿತದವರಿಗೆ ಆ 'ಮೊದಲ ಲೇಖಕ' ಕಾಲಂ ಮಾತ್ರ ಹೊಡೆದುಹಾಕಿ. ಮತ್ತು ನನಗೆ ಉತ್ತರ ಬರೆಯುವ ಮೊದಲು ನನ್ನ ಅತ್ತೆಗೆ ಎರಡು ಸಾಲು ಬರೆಯಿರಿ, ತಪ್ಪು ಹೆಸರಿಟ್ಟವರದಲ್ಲ, ಅಂಕವಿಟ್ಟವರದು ಎಂದು. ಹೆಸರನ್ನು ನಾನು ಬದಲಾಯಿಸುವುದಿಲ್ಲ. ಅದು ಒಮ್ಮೆ ಶಾಲೆ ಬಿಟ್ಟಿದೆ. ಇನ್ನೊಮ್ಮೆ ಬಿಡಿಸಲು ನಾನು ಬಿಡುವುದಿಲ್ಲ.

ಇಂತಿ,
ಹಾಜರಿ ಪಟ್ಟಿಯ ತುದಿಯಿಂದ ಇನ್ನೂ 'ಇದ್ದೇನೆ ಸಾರ್' ಎಂದು ಕೂಗುತ್ತಿರುವ
ಕೊನೆಯ ಲೇಖಕಿ
(ಯಾವ ಲ್ಯಾಬಿನ ಮುಖ್ಯಸ್ಥೆಯೂ ಅಲ್ಲ)