ಒಂಬತ್ತನೇ ಮನೆ

೧೦ ಜನವರಿ ೨೦೧೬, ಭಾನುವಾರ
ಗಲ್ಫಿನ ನಮ್ಮ ಬೌಷರ್ ಆಫೀಸಿನಲ್ಲಿ ಮತ್ತೆರಡು ಮೇಜು ಖಾಲಿ. ಕಚ್ಚಾ ಎಣ್ಣೆ ಬೆಲೆ ಬಿದ್ದಾಗಿನಿಂದ ವಾರಕ್ಕೊಬ್ಬರು ಹೋಗುತ್ತಿದ್ದಾರೆ. ಇವತ್ತು ಸರ್ವೆ ವಿಭಾಗದ ಎಡ್ವರ್ಡ್ ಸರ್‌ಗೂ ಕೆಲಸದಿಂದ ತೆಗೆದ ಕಾಗದ ಬಂತು. ಹದಿನಾರು ವರ್ಷದ ಸರ್ವಿಸ್. ಸಂಜೆ, ನಕ್ಷೆ ಬರೆಯುವವಳು ಎಂದು ನನ್ನ ಹತ್ತಿರ ಬಂದು, "ಯಶ್ಮಿತಾ, ಒಂದು ಡ್ರಾಯಿಂಗ್ ಮಾಡಿಕೊಡ್ತೀಯಾ? ಕಂಪನಿದಲ್ಲ, ನನ್ನ ಊರಿದು" ಅಂದರು. ಪೋಲೆಂಡಿನ ಸಣ್ಣ ಹಳ್ಳಿ. ಹೋದ ವರ್ಷ ತೀರಿಕೊಂಡ ಅವರ ಅಮ್ಮ ಕೊನೆಗಾಲದಲ್ಲಿ ಬರೆಸಿದ ಪಟ್ಟಿ ಕೈಯಲ್ಲಿತ್ತು — ಯುದ್ಧಕ್ಕೆ ಮೊದಲು ಯಾವ ಮನೆಯಲ್ಲಿ ಯಾವ ಯಹೂದಿ ಕುಟುಂಬ ಇತ್ತು ಎಂದು.

೧೯ ಜನವರಿ
ಊಟದ ಬಿಡುವಿನಲ್ಲಿ ಮಾಡುತ್ತಿದ್ದೇನೆ. ಚೌಕದ ಸುತ್ತ ಹದಿನಾಲ್ಕು ಮನೆ. ದರ್ಜಿ, ಬೂಟು ಹೊಲಿಯುವವನು, ಗಾಜಿನ ಕೆಲಸದವನು, ಪ್ರಾರ್ಥನಾ ಮಂದಿರ. ಹೆಸರುಗಳನ್ನು ಸರ್ ಒಂದೊಂದೇ ಅಕ್ಷರ ಹೇಳಿ ಟೈಪ್ ಮಾಡಿಸುತ್ತಾರೆ. ೧೯೪೨ರಲ್ಲಿ ಒಂದು ಬೆಳಿಗ್ಗೆ ಜರ್ಮನ್ ಸೈನಿಕರು ಅಷ್ಟೂ ಜನರನ್ನು ಗಾಡಿಗಳಲ್ಲಿ ಹೇರಿ ರೈಲಿಗೆ ಒಯ್ದರಂತೆ.
"ಗಾಡಿ ಯಾರದ್ದು ಸರ್?"
"ಊರಿನವರದ್ದು. ಒಂದು ನನ್ನ ಅಜ್ಜನದ್ದು."
ಮುಂದಿನ ಮನೆಯ ಹೆಸರು ಟೈಪ್ ಮಾಡಿದೆ.

೪ ಫೆಬ್ರವರಿ
ಒಂಬತ್ತನೇ ಮನೆಗೆ ಸರ್ ಹೆಸರು ಕೊಟ್ಟೇ ಇರಲಿಲ್ಲ. ಇವತ್ತು ಕೇಳಿದೆ. ಸರ್ ಕುರ್ಚಿಯನ್ನು ಸ್ಕ್ರೀನಿನ ಹತ್ತಿರ ಎಳೆದುಕೊಂಡರು.
"ಮೆಂಡೆಲ್. ಬೇಕರಿಯವನು. ಅವರು ಹೋದ ಮೇಲೆ ನಮ್ಮವರು ಹೊಕ್ಕರು. ನಾನು ಹುಟ್ಟಿದ್ದು ಅಲ್ಲೇ."
ಮೆಂಡೆಲನ ದೊಡ್ಡ ಮಗಳು ಖಾಯಾ ಒಬ್ಬಳೇ ಬದುಕಿ ಉಳಿದವಳು. ಎಂಬತ್ತೆಂಟು ವರ್ಷ, ಇಸ್ರೇಲಿನಲ್ಲಿದ್ದಾಳೆ. ನಕ್ಷೆ ಅವಳಿಗೆ ಕಳಿಸಬೇಕಂತೆ.
ಮನೆಯಲ್ಲಿ ಗಂಡ ಸುಮಿತ್‌ಗೆ ಹೇಳಿದೆ. "ಅಲ್ಲ ಮಾರಾಯ್ತಿ, ಆ ಅಜ್ಜಿಗೆ ಈಗ ಅದನ್ನೆಲ್ಲ ನೆನಪು ಮಾಡಿಸಿ ಎಂತ ಸಿಗ್ಲಿಕ್ಕುಂಟು?"


೧೮ ಫೆಬ್ರವರಿ
ಸರ್‌ಗೆ ಕೊನೆಯ ದಿನ. ನಕ್ಷೆ ಮೇಲ್ ಮಾಡಿದರು. ಒಂಬತ್ತನೇ ಮನೆಯ ಕೆಳಗೆ ತಾವೇ ಒಂದು ಸಾಲು ಸೇರಿಸಿದ್ದರು: "ಆಮೇಲೆ ಇಲ್ಲಿದ್ದವರು ನಾವು." ಕೈ ಕುಲುಕಿದರು.

೬ ಮಾರ್ಚ್
ಪೋಲೆಂಡಿನ ತಮ್ಮ ಊರಿಂದ ಸರ್ ಫೋನ್ ಮಾಡಿದರು. ಖಾಯಾ ಉತ್ತರ ಬರೆದಿದ್ದಾಳೆ. ಓದಿ ಹೇಳಿದರು.
"ನಕ್ಷೆ ಸರಿಯಿದೆ, ಒಂದು ಬಿಟ್ಟುಹೋಗಿದೆ. ನಮ್ಮ ಒಲೆಯ ಹಿಂದೆ ಹಿಟ್ಟಿನ ಕೋಣೆ ಇತ್ತು. ಆ ಬೆಳಿಗ್ಗೆ ನಾನೂ ತಂಗಿಯೂ ಅಲ್ಲಿ ಅಡಗಿದೆವು. ಅವಳಿಗೆ ಐದು ವರ್ಷ. ನಿಮ್ಮ ತಾಯಿ ಎರಡು ದಿನ ಬ್ರೆಡ್ ತಂದುಕೊಟ್ಟಳು. ಮೂರನೇ ದಿನ ಬರಲಿಲ್ಲ. ತಿನ್ನಲು ಏನಾದರೂ ತರೋಣವೆಂದು ನಾನು ಹೊರಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಸೈನಿಕರು ಅವಳನ್ನು ಒಯ್ದಿದ್ದರು."
ಓದಿ ಮುಗಿಸಿ ಸರ್ ಅಂದರು:
"ಅಮ್ಮ ಎಲ್ಲಾ ಮನೆಯ ಹೆಸರು ಹೇಳಿದರು ಯಶ್ಮಿತಾ. ಈ ಕೋಣೆಯ ವಿಷಯ ಹೇಳಲೇ ಇಲ್ಲ. ನಾನು ಅಲ್ಲಿ ಸೈಕಲ್ ಇಡ್ತಿದ್ದೆ."
ಅಳುತ್ತಿದ್ದರು. "ಸೇರಿಸು" ಅಂದರು.

೭ ಮಾರ್ಚ್
ಡ್ರಾಯಿಂಗ್ ತೆರೆದೆ. ಕೋಣೆ ಎಳೆದೆ. ಸರ್ ಹೇಳಿದ ಅಳತೆ, ನಾಲ್ಕಡಿಗೆ ಆರಡಿ. ಖಾಯಾಳ ತಂಗಿಯ ಹೆಸರು ಫ್ರೈಡ್ಲಾ. ಕೋಣೆಯೊಳಗೆ ಹೆಸರು ಹಿಡಿಯುತ್ತಿಲ್ಲ. ಅಕ್ಷರ ಚಿಕ್ಕದು ಮಾಡಿದೆ... ಓದಲಾಗುತ್ತಿಲ್ಲ. ಇಂಥ ಕಡೆ ಹೆಸರು ಹೊರಗೆ ಬರೆದು ಬಾಣದ ಗುರುತು ಹಾಕುವುದು ರೂಢಿ. ಆದರೆ ಆ ಮಗುವಿನ ಹೆಸರನ್ನು ಹೊರಗೆ, ಸೈನಿಕರಿದ್ದ ಕಡೆಗೆ ಎಳೆಯಲು ಮನಸ್ಸು ಬರುತ್ತಿಲ್ಲ.