ಹೊಸ್ತಿಲಲ್ಲಿ ಆಡಿದ ಮಾತು

ತಿರುವಲ್ಲಿಕ್ಕೇಣಿ, ಮದರಾಸು
೧೪ ಆಗಸ್ಟ್ ೧೯೫೨

ಚಿರಂಜೀವಿ ತಿರುವೇಂಗಡನಿಗೆ,

ಹೊಟ್ಟೆನೋವು ಹೇಗಿದೆ? ಕೊಯಮತ್ತೂರಿನ ಸ್ಟುಡಿಯೋದಲ್ಲಿ ಖಾಲಿ ಹೊಟ್ಟೆಗೆ ಕಾಫಿ ಸುರಿದುಕೊಂಡು ಸಂಭಾಷಣೆ ಬರೆಯುತ್ತೀಯಂತೆ. ಮಜ್ಜಿಗೆ ಕುಡಿ. ನನ್ನ ಮಂಡಿನೋವು ಹಾಗೇ ಇದೆ. ಇಷ್ಟು ತಾಯಿಯಾಗಿ ಕೇಳಿದ್ದು. ಇನ್ನು ಮುಂದಿನದನ್ನು ಕೂತು ಓದು.

ನಿನ್ನ ಚಿತ್ರ ನೋಡಿದೆವು. ನಾನು, ಪಕ್ಕದ ಮನೆ ಕುಪ್ಪಮ್ಮಾಳ್, ನಿನ್ನ ಅಕ್ಕ ಸೌಂದರವಲ್ಲಿ. ಹೌದು, ಅವಳನ್ನೂ ಕರೆದುಕೊಂಡು ಹೋದೆ. ರಷ್ಯಾದವರ ದಪ್ಪ ಕಾದಂಬರಿಯಿಂದ ತೆಗೆದ ಕಥೆ ಎಂದು ಹಾಡಿನ ಪುಸ್ತಕದಲ್ಲಿ ಅಚ್ಚಾಗಿದೆ. ಹಿಮ ಬೀಳುವ ಊರಿನ ಹೆಂಗಸಿಗೆ ನೀವು ಮಧುರೆ ಸೀರೆ ಉಡಿಸಿ, ಜಡೆ ತುಂಬ ಮಲ್ಲಿಗೆ ಮುಡಿಸಿ, ಗಂಡನ ಮನೆ ಬಿಡುವ ಮೊದಲು ವೀಣೆ ಹಿಡಿಸಿ ಒಂದು ಹಾಡನ್ನೂ ಹಾಡಿಸಿದ್ದೀರಿ. ಹಾಡಿಸಿಕೊಳ್ಳಿ, ನನಗೇನು. ಆದರೆ ಬಿಟ್ಟುಬಂದ ಮಗುವನ್ನು ನೋಡಲು ಅವಳು ಗಂಡನ ಬಾಗಿಲಿಗೆ ಬಂದು ನಿಲ್ಲುತ್ತಾಳಲ್ಲ, ಆಗ ಏನೆನ್ನುತ್ತಾಳೆ? "ನಾನು ಒಳಗೆ ಬರಲ್ಲ. ಹೊಸ್ತಿಲಲ್ಲೇ ಕೂತು ನನ್ನ ಮಗನ ತಲೆ ಬಾಚಿ ಹೋಗ್ತೀನಿ."

ಇದು ರಷ್ಯಾದ ಮಾತೇನೋ? ನಾಲ್ಕು ವರ್ಷದ ಹಿಂದೆ ಕಾಂಚೀಪುರದಲ್ಲಿ, ಆ ಹೊಡೆಬಡಿ ಗಂಡನ ಮನೆ ಮುಂದೆ, ನಿನ್ನ ಅಕ್ಕ ಆಡಿದ್ದು. ಜೊತೆಗೆ ಹೋಗಿದ್ದವನು ನೀನು. ಅವತ್ತು ಅವಳ ಪರವಾಗಿ ತುಟಿ ಬಿಚ್ಚದೆ ಜಟಕಾ ಹತ್ತಿ ಕೂತವನು, ಅವಳ ಮಾತನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟುಕೊಂಡಿದ್ದೆ. ಟಾಕೀಸಿನ ಹೆಂಗಸರೆಲ್ಲ ಗೊಳೋ ಎಂದು ಅತ್ತರು. ಕುಪ್ಪಮ್ಮಾಳ್ ಅತ್ತೂ ಅತ್ತೂ ಸೆರಗು ಒದ್ದೆ ಮಾಡಿಕೊಂಡಳು. ಹಬ್ಬದ ದಿನ ನಿನ್ನ ಅಕ್ಕನನ್ನು ಬಿಟ್ಟು ಉಳಿದವರಿಗೆಲ್ಲ ಕುಂಕುಮ ಕೊಡುವವಳೂ ಇವಳೇ. ಸೌಂದರಾ ಅಳಲಿಲ್ಲ. ಮನೆಗೆ ಬಂದು ಅಕ್ಕಿ ಆರಿಸುತ್ತಾ, "ತಂಬಿ ಆ ಮಾತು ಮರೆತಿಲ್ಲ ಅಮ್ಮಾ," ಎಂದಳು, ಅಷ್ಟೇ.

ಮರುದಿನವೇ ನಿನ್ನ ಕಾಗದ. ನೂರನೇ ದಿನದ ಸಮಾರಂಭಕ್ಕೆ ನಾನು ಬಂದು ಮುಂದಿನ ಸಾಲಲ್ಲಿ ಕೂರಬೇಕಂತೆ. ಅಕ್ಕನನ್ನು ಮಾತ್ರ ಕರೆತರಬಾರದಂತೆ, ದೊಡ್ಡ ಮನುಷ್ಯರು ಬರುತ್ತಾರಂತೆ, ನೋಡಿದವರು ಏನೆಂದುಕೊಂಡಾರಂತೆ. ಎಲಾ ಇವನ! ಗಂಡನನ್ನು ಬಿಟ್ಟವಳಿಗಾಗಿ ಊರಿಗೆ ಊರನ್ನೇ ಅಳಿಸಿ ಬೆಳ್ಳಿಯ ಷೀಲ್ಡು ತೆಗೆದುಕೊಳ್ಳುವವನಿಗೆ, ಸ್ವಂತ ಅಕ್ಕ ಎದುರಿಗೆ ಕೂತರೆ ಮಾನ ಹೋಗುತ್ತದೆಯೇ? ಚಿತ್ರದವಳನ್ನು ಕೊನೆಗೆ ರೈಲಿನ ಕೆಳಗೆ ಹಾಕಿದಿರಿ, ಸತ್ತ ಮೇಲೆ ಅವಳು ಎಲ್ಲರಿಗೂ ಒಳ್ಳೆಯವಳಾದಳು. ನನ್ನ ಮಗಳು ಬದುಕಿದ್ದಾಳೆ, ಅದೇ ನಿನಗೆ ತೊಂದರೆ. ನಾಚಿಕೆಯಾಗಬೇಕು ನಿನಗೆ.

ಬಯ್ದೆನೆಂದು ಊಟ ಬಿಡಬೇಡ. ಪೆರುಮಾಳ್ ನಿನಗೆ ಆಯುಷ್ಯ ಕೊಡಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ.

ನಿನ್ನ ಅಮ್ಮ,
ಪೂಂಗಾವನಮ್ಮಾಳ್

ಒಂದು ಮಾತು ಹೇಳುವುದು ಬಿಟ್ಟಿದ್ದೆ: ನಿನ್ನ ಕಾಗದ ಬಂದ ವಾರಕ್ಕೇ ಸಮಾರಂಭದ ಮ್ಯಾನೇಜರು ಮನೆಗೆ ಬಂದಿದ್ದರು. ಷೀಲ್ಡು ಹಂಚುವ ಮೊದಲು ಸಂಭಾಷಣೆ ಬರೆದವರ ಮನೆಯ ಹೆಣ್ಣುಮಗಳು ದೀಪ ಹಚ್ಚಬೇಕು, ಹೆಸರು ಕೊಡಿ ಎಂದರು. ಕೊಟ್ಟೆ. ಅಚ್ಚಾಗಲಿ ಎಂದೇ ಇಷ್ಟು ದಿನ ನಿನಗೆ ಬರೆಯಲಿಲ್ಲ. ಆಹ್ವಾನಪತ್ರಿಕೆ ಇದರೊಳಗಿದೆ, ಮೂರನೇ ಸಾಲು ನೋಡು: ಶ್ರೀಮತಿ ಸೌಂದರವಲ್ಲಿ, ಸಂಭಾಷಣೆಕಾರರ ಅಕ್ಕ. ಊರೆಲ್ಲ ಹಂಚಿ ಆಗಿದೆ. ಮೊದಲು ಬೇಡವೇ ಬೇಡ ಎಂದವಳು ಇವತ್ತು ಹಸಿರು ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಾಳೆ. ವೇದಿಕೆಯ ಮೇಲೆ ಅವಳ ಕೈಗೆ ಮೇಣದಬತ್ತಿ ಕೊಡಬೇಕಾದವನು ನೀನು.