ಬಾಗಿಲಿಗೆ ತೂಗುಹಾಕಿದ ದೆವ್ವ

ಅಕ್ಟೋಬರ್ 9, ಗುರುವಾರ

ಮೂರನೇ ಸಲ ಬರೆದು ಹರಿದೆ. ಅಪಾರ್ಟ್‌ಮೆಂಟಿನ ತಿಂಗಳ ಪತ್ರಕ್ಕೆ ಶರತ್ಕಾಲದ ಐಡಿಯಾಗಳು ಅಂತ ಒಂದು ಪುಟ ಬೇಕಂತೆ. ಮ್ಯಾನೇಜರ್ ಟ್ರಿಶ್ ಕೆಲಸ ವಹಿಸುವ ಮುಂಚೆ ನಿಯಮಗಳನ್ನು ಕೈಗಿಟ್ಟಳು. ಮೊಳೆ ಹೊಡೆಯಬಾರದು. ಮೇಣದಬತ್ತಿ ಬೇಡ. ಹುಲ್ಲಿನ ಕಂತೆ ಬೇಡ. ಕೆತ್ತಿದ ಕುಂಬಳಕಾಯಿ ಹಜಾರದಲ್ಲಿಟ್ಟು ಕೊಳೆಸಬಾರದು. ಇನ್ನೇನು ಉಳಿಯಿತು, ತಲೆ?

ಕೊನೆಗೆ ಬರೆದದ್ದು ಇಷ್ಟು: ಬಾಲ್ಕನಿ ಇಲ್ಲದವರು ಕಿಟಕಿಯಂಚಿನಲ್ಲಿ ಅಂಗೈಯಗಲದ ಮೂರು ಕುಂಬಳಕಾಯಿ ಇಡಿ. ಸ್ಲೋ ಕುಕರ್‌ನಲ್ಲಿ ಸೇಬಿನ ರಸ, ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ... ಬೆಳಿಗ್ಗೆ ಇಟ್ಟರೆ ಸಂಜೆಗೆ ಇಡೀ ಮಹಡಿ ಘಮಘಮ. ಕುಂಬಳದ ಬೀಜ ಎಸೆಯಬೇಡಿ, ಉಪ್ಪು ಖಾರ ಹಾಕಿ ಹುರಿಯಿರಿ. ಹ್ಯಾಲೋವೀನ್ ರಾತ್ರಿ ವೇಷ ಹಾಕಿಕೊಂಡು ಬರುವ ಮಕ್ಕಳಿಗೆ ಮಿಠಾಯಿ ಕೊಡುವವರು ಬಾಗಿಲಿಗೆ ಕಾಗದದ ಕುಂಬಳಕಾಯಿ ಅಂಟಿಸಿ. ಅಂಟಿಸದ ಬಾಗಿಲನ್ನು ಯಾರೂ ತಟ್ಟುವುದಿಲ್ಲ.

ಹದಿನೆಂಟು ವರ್ಷ ಹ್ಯಾಲೋವೀನ್ ಬಂತೆಂದರೆ ಜನ ಕಾರು ನಿಲ್ಲಿಸಿ ನನ್ನ ಅಂಗಳದ ಅಲಂಕಾರ ನೋಡುತ್ತಿದ್ದರು. ಡಿವೋರ್ಸ್ ಆಯಿತು, ಮನೆ ಮಾರಿದೆವು, ಅಂಗಳದ ಹನ್ನೆರಡು ಅಡಿಯ ಪ್ಲಾಸ್ಟಿಕ್ ಅಸ್ಥಿಪಂಜರ ಗ್ಲೆನ್ ಪಾಲಿಗೆ ಹೋಯಿತು. ನನ್ನ ಪಾಲಿಗೆ ಮೂರಡಿ ಅಗಲದ ಬಾಗಿಲು. ಇಲ್ಲಿಗೆ ಬಂದು ಆರು ತಿಂಗಳು, ಇನ್ನೂ ಯಾರಿಗೂ ನನ್ನ ಹೆಸರು ಗೊತ್ತಿಲ್ಲ. ಇಲ್ಲಿ ಹ್ಯಾಲೋವೀನ್‌ಗೆ ಬಾಗಿಲ ಅಲಂಕಾರದ ಸ್ಪರ್ಧೆ ಇದೆಯಂತೆ, ಓಟು ಹಾಕುವವರು ಬಾಡಿಗೆದಾರರೇ. ಅದನ್ನು ಗೆಲ್ಲಬೇಕು. ಐವತ್ತೆಂಟರ ಹೆಂಗಸು ಹೀಗೆ ಆಸೆಪಡುವುದು ನಗೆಪಾಟಲು. ಆದರೂ ಗೆಲ್ಲಬೇಕು.

ಅಕ್ಟೋಬರ್ 16, ಗುರುವಾರ, ಸಂಜೆ

ಸಿಕ್ಕಿತು! ಬಟ್ಟೆ ಒಗೆಯುವ ಕೋಣೆಯ ಶೆಲ್ಫಿನಲ್ಲಿ. ಬೇಡವಾದದ್ದನ್ನು ಇಟ್ಟು ಹೋಗುವ ಶೆಲ್ಫ್, ಬೇಕಾದವರು ಒಯ್ಯಬಹುದು. ಅಗಲವಾದ ಬಿಳಿ ಲಿನನ್, ಹಳೆಯ ಕಾಲದ್ದು, ತೂಕವಾದದ್ದು. ಅಂಗಡಿಯ ಪಾಲಿಯೆಸ್ಟರ್ ಬೆಡ್‌ಶೀಟ್ ದೀಪದ ಕೆಳಗೆ ನೀಲಿ ಹೊಡೆಯುತ್ತದೆ. ಇದು ಹಾಗಲ್ಲ, ನಿಜವಾದ ದೆವ್ವದ ಬಣ್ಣ.

ಚಹಾ ನೀರಿನಲ್ಲಿ ಅಂಚು ಅದ್ದಿದೆ. ಎರಡು ಕಣ್ಣು ಕತ್ತರಿಸಿದೆ. ಬಾಯಿಗೆ ಕಪ್ಪು ಬಣ್ಣ. ಕೈಯ ಜಾಗದಲ್ಲಿ ಪೈ ಮಾಡುವ ತಟ್ಟೆ, ಕೊರಳಿಗೆ ಅಡುಗೆಯ ಏಪ್ರನ್. ಅಜ್ಜಿ ದೆವ್ವ! ಮೊಳೆಯಿಲ್ಲದೆ ಬಾಗಿಲ ಮೇಲಿನ ಕೊಕ್ಕೆಯಲ್ಲಿ ನಿಂತಿದೆ. ಎದುರು ಮನೆಯವರ ಪ್ಲಾಸ್ಟಿಕ್ ಬಾವಲಿಗಳನ್ನು ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತದೆ.

ಅಕ್ಟೋಬರ್ 19, ಭಾನುವಾರ

ಒಗೆಯುವ ಕೋಣೆಯ ಗೋಡೆಗೆ ಚೀಟಿ. ಎರಡನೇ ಮಹಡಿಯ ಕೊರಿನ್ ಹ್ಯಾಸ್ಕೆಟ್ ಅಂಟಿಸಿದ್ದು. ಸ್ಕೂಲ್ ಬಸ್ ಓಡಿಸುತ್ತಾಳಲ್ಲ, ಆಕೆ. "ಗುರುವಾರ ಇಲ್ಲಿಂದ ಬಿಳಿ ಮೇಜುಹೊದಿಕೆ ಕಾಣೆಯಾಗಿದೆ. ತಪ್ಪಿ ತೆಗೆದುಕೊಂಡಿದ್ದರೆ ನನ್ನ ಬಾಗಿಲ ಹಿಡಿಗೆ ತೂಗುಹಾಕಿ. ಯಾರು ಏನು ಅಂತ ಕೇಳುವುದಿಲ್ಲ. ಅದು ನನ್ನಮ್ಮನದು."

ನನ್ನದು ಬೆಡ್‌ಶೀಟ್. ಮೇಜುಹೊದಿಕೆ ಅಲ್ಲ.

ರಾತ್ರಿ — ಶೆಲ್ಫಿನಲ್ಲಿ ಇರಲಿಲ್ಲ. ಶೆಲ್ಫಿನ ಪಕ್ಕ ಬಟ್ಟೆ ಮಡಚುವ ಮೇಜಿದೆ, ಅದರ ಮೇಲಿತ್ತು. ಶೆಲ್ಫಿಗೂ ಮೇಜಿಗೂ ಒಂದು ಗೇಣು. ಜಾರಿ ಬಿದ್ದಿರಬಹುದು ಅಂದುಕೊಂಡೆ.

ಅಕ್ಟೋಬರ್ 20, ಬೆಳಿಗ್ಗೆ 6

ಯಾರೂ ಏಳುವ ಮುಂಚೆ ಬಾಗಿಲು ತೆರೆದು ಬಟ್ಟೆಯ ಮೇಲೆ ಬೆರಳಾಡಿಸಿದೆ. ಗಂಟು ಗಂಟು ಸಿಕ್ಕಿತು. ಟಾರ್ಚನ್ನು ಓರೆಯಾಗಿ ಹಿಡಿದೆ. ಬಿಳಿಯ ಮೇಲೆ ಬಿಳಿ ದಾರ, ಹೆಸರುಗಳು. ಎಲ್ಲೆಲ್ಲೂ ಹೆಸರುಗಳು. 'ರಾಯ್ ಮಾಮ 1979.' 'ಡೋಡಿ ಮತ್ತು ಆಲ್.' ನಲವತ್ತರ ಮೇಲೆ ಎಣಿಸಲಿಲ್ಲ. ಎಡಗಣ್ಣು ಒಂದು ಮಗುವಿನ ಸೊಟ್ಟ ಅಕ್ಷರಗಳನ್ನು ಸೀಳಿಕೊಂಡು ಹೋಗಿದೆ. ಉಳಿದ ಅಕ್ಷರ ನೋಡಿದರೆ ಯಾವ ಮಗು ಅಂತ ಗೊತ್ತಾಗುತ್ತದೆ. ಈಗ ಆ ಮಗು ಬಸ್ ಓಡಿಸುತ್ತದೆ.

ಇಳಿಸಿಬಿಡಬೇಕಿತ್ತು. ಇಳಿಸಿದರೆ ಯಾಕೆ ಅಂತ ಕೇಳುತ್ತಾರೆ. ಹಾಗೇ ಬಿಟ್ಟು ಬಾಗಿಲು ಹಾಕಿಕೊಂಡೆ.

ಅಕ್ಟೋಬರ್ 25, ಶನಿವಾರ

ಐದು ದಿನ ಮೆಟ್ಟಿಲಲ್ಲಿ ಸದ್ದು ಕೇಳಿದರೆ ಒಳಗೇ ನಿಂತೆ. ಇವತ್ತು ಅಂಚೆ ಪೆಟ್ಟಿಗೆಯ ಹತ್ತಿರ ಕೊರಿನ್ ಹಿಡಿದೇಬಿಟ್ಟಳು.

"ಆ ಅಜ್ಜಿ ದೆವ್ವ ನಿಮ್ದೇನ್ರೀ? ಮೊನ್ನೆ ಮೂರನೇ ಮಹಡಿಗೆ ಬಂದವಳು ಅದನ್ನ ನೋಡಿ ನಮ್ಮ ಬಸ್ಸಿನ ಮಕ್ಕಳ ಥರ ಕಿರುಚಿಬಿಟ್ಟೆ. ನನ್ನ ಓಟು ನಿಮಗೇ, ಹೇಳಿಬಿಟ್ಟಿದೀನಿ!"

ನಕ್ಕೆ. ನಗು ಹೇಗೆ ಬಂತೋ.

"ನಿಮ್ಮ ಮೇಜುಹೊದಿಕೆ... ಸಿಕ್ತಾ?" ಕೇಳದೆ ಇರಲಾಗಲಿಲ್ಲ.

"ಎಲ್ಲಿ ಸಿಗತ್ತೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಯಾರೇ ಬರಲಿ, ಅಮ್ಮ ಅವರ ಕೈಗೆ ಪೆನ್ಸಿಲ್ ಕೊಡೋಳು, ಬಟ್ಟೆ ಮೇಲೆ ಸಹಿ ಹಾಕಿ ಅಂತ. ಆಮೇಲೆ ಚಳಿಗಾಲ ಪೂರ್ತಿ ಕೂತ್ಕೊಂಡು ಆ ಸಹಿ ಮೇಲೇ ದಾರ ಹಾಕೋಳು. ಬಣ್ಣದ ದಾರ ಹಾಕಮ್ಮ ಅಂದ್ರೆ, ತೋರಿಸಿಕೊಳ್ಳೋಕೆ ಮಾಡ್ತಿಲ್ಲ ಕಣೇ ಅನ್ನೋಳು. ಏಪ್ರಿಲ್‌ನಲ್ಲಿ ಹೋದಳು. ಈ ವರ್ಷ ಊಟ ನಮ್ಮನೇಲಿ ಅಂತ ಪೆಟ್ಟಿಗೆಯಿಂದ ತೆಗೆದು ಒಗೆದೆ ನೋಡಿ, ಅದೇ ತಪ್ಪಾಯ್ತು." ಧ್ವನಿ ತಗ್ಗಿಸಿದಳು. "ಅವತ್ತು ಅಲ್ಲಿ ಇದ್ದದ್ದು ಓಡಿಲ ಒಬ್ಬಳೇ. ಕೇಳಿದರೆ ಅದನ್ನ ನೋಡೇ ಇಲ್ಲ ಅಂತಾಳೆ. ನನಗ್ಯಾಕೋ ನಂಬಿಕೆ ಬರ್ತಿಲ್ಲ."

ಓಡಿಲ ನಮ್ಮ ಹಜಾರ, ಮೆಟ್ಟಿಲು, ಒಗೆಯುವ ಕೋಣೆ ಗುಡಿಸಿ ಒರೆಸುವವಳು. ನಾನು "ಛೆ, ಛೆ" ಅಂದೆ. ಅಷ್ಟೇ ಅಂದೆ.

ಅಕ್ಟೋಬರ್ 29

ಓಡಿಲಳನ್ನು ನದಿಯಾಚೆಯ ಕಟ್ಟಡಕ್ಕೆ ಹಾಕಿದ್ದಾರಂತೆ. ಅವಳಿಗೆ ಎರಡು ಬಸ್ಸು ಬದಲಿಸಬೇಕು. ಟ್ರಿಶ್ ಹೇಳಿದಳು, "ಕಳ್ಳಿ ಅಂತ ನಾನೇನೂ ಅಂದಿಲ್ಲಪ್ಪ. ಆದರೂ ದೂರು ಬಂದ ಮೇಲೆ ಏನಾದ್ರೂ ಮಾಡಬೇಕಲ್ಲ." ಕೈಯಲ್ಲಿ ನನ್ನ ಐಡಿಯಾ ಪುಟದ ಜೆರಾಕ್ಸ್ ಇತ್ತು. ಎಲ್ಲರೂ ಹೊಗಳುತ್ತಿದ್ದಾರಂತೆ.

ಬಾಯಿ ತೆರೆದೆ. ಹೊರಗೆ ಬಂದ ಮಾತು — "ಪಾಪ್‌ಕಾರ್ನ್ ಉಂಡೆ ಮಕ್ಕಳಿಗೆ ಎಷ್ಟು ಮಾಡಲಿ?"

ಅಕ್ಟೋಬರ್ 31, ಶುಕ್ರವಾರ

ಆರರಿಂದ ಎಂಟರವರೆಗೆ ಮಕ್ಕಳು. ನನ್ನ ಬಾಗಿಲಿಗೇ ಸಾಲು. ಒಬ್ಬಳು ಪುಟ್ಟ ಮಾಟಗಾತಿ ದೆವ್ವದ ಅಂಚು ಮುಟ್ಟಿ, "ಇದರಲ್ಲಿ ಏನೋ ಬರ್ದಿದೆ" ಅಂದಳು. ಅವಳ ಬುಟ್ಟಿಗೆ ಎರಡು ಚಾಕೊಲೇಟ್ ಹಾಕಿ ಬೇಗ ಸಾಗಹಾಕಿದೆ. ಅಕ್ಷರ ಓದಬಲ್ಲ ಮಗುವನ್ನು ಕಂಡು ಹೆದರಿದೆ. ನನ್ನ ಹಣೆಬರಹ!

ಲಾಬಿಯಲ್ಲಿ ಫಲಿತಾಂಶ. ಮೊದಲ ಬಹುಮಾನ ಆರ್ಲೀನ್ ಪ್ರೊಬಸ್ಕೊ. ಎಲ್ಲರೂ ಆರ್ಲೀನ್, ಆರ್ಲೀನ್ ಅಂತ ಕೂಗಿದರು. ಕೊನೆಗೂ ಎಲ್ಲರಿಗೂ ನನ್ನ ಹೆಸರು ಗೊತ್ತಾಯಿತು. ಟ್ರಿಶ್ ಫೋಟೋ ತೆಗೆದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಕೊರಿನ್. ಬಹುಮಾನದ ಬುಟ್ಟಿ ಹಿಡಿದುಕೊಂಡು ಮೇಲೆ ಬಂದು, ಕೋಟು ಕೂಡ ತೆಗೆಯದೆ ಅಡುಗೆಮನೆಯ ನೆಲದ ಮೇಲೆ ಕುಳಿತೆ. ನನ್ನ ಮೇಲೆ ನನಗೇ ಅಸಹ್ಯ.

ನವೆಂಬರ್ 2

ತಣ್ಣೀರು, ಸೋಪು, ವಿನೆಗರ್, ಸ್ಪಿರಿಟ್. ಬಾಯಿಯ ಕಪ್ಪು ಬೂದುಬಣ್ಣಕ್ಕೆ ತಿರುಗಿತು, ಹೋಗಲಿಲ್ಲ. ಚಹಾದ ಕಲೆಯೂ ಹೋಗಲಿಲ್ಲ. ಕಣ್ಣುಗಳಿಗೆ ತೇಪೆ ಹಾಕಲು ನೋಡಿದೆ. ನನ್ನ ಹೊಲಿಗೆ ಆ ಹೊಲಿಗೆಯ ಪಕ್ಕ ಕೋಳಿ ಕೆದಕಿದ ಹಾಗಿತ್ತು. ಬಿಚ್ಚಿದೆ.

ನವೆಂಬರ್ 15, ಶನಿವಾರ

ಹೋದೆ. ಇಸ್ತ್ರಿ ಮಾಡಿ, ಮಡಚಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಕೊರಿನ್ ಬಾಗಿಲು ತಟ್ಟಿದೆ.

"ನನ್ನ ದೆವ್ವ ಇದು," ಅಂದೆ. "ನಿಮ್ಮಮ್ಮನ ಮೇಜುಹೊದಿಕೆ."

ಬಿಡಿಸಿದಳು. ಬಾಯಿಯ ಕಲೆ ನೋಡಿದಳು. ತೂತಿನ ಅಂಚಿನಲ್ಲಿ ಬೆರಳಿಟ್ಟಳು. ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ಎಲ್ಲಿತ್ತು?" ಅಂತ ಮಾತ್ರ ಕೇಳಿದಳು.

ಇಲ್ಲಿಯವರೆಗೆ ನೆಟ್ಟಗೆ ಬಂದವಳು ಇಲ್ಲಿ ಕಾಲು ಜಾರಿದೆ. "ಶೆಲ್ಫಿನ ಮೇಲೆ," ಅಂದೆ.

ಅವಳು ಕುರ್ಚಿಯಲ್ಲಿ ಕುಸಿದಳು. "ಹಾಗಾದ್ರೆ ನಾನೇ ಇಟ್ಟಿರಬೇಕು. ಅಯ್ಯೋ ದೇವರೇ... ಅಮ್ಮ ಹೋದಾಗಿಂದ ನನಗೆ ತಲೆನೇ ನೆಟ್ಟಗಿಲ್ಲ. ಮೊನ್ನೆ ಬೀಗದ ಕೈ ಫ್ರಿಜ್ಜಲ್ಲಿ ಸಿಕ್ತು. ಅಮ್ಮನ ಬಟ್ಟೆ ನಾನೇ ಕೈಯಾರೆ ಎಸೆದು, ಆ ಓಡಿಲಗೆ ಹೇಗೆ ಮಾತಾಡಿಬಿಟ್ಟೆ!" ಅಳತೊಡಗಿದಳು. ಆಮೇಲೆ ನನ್ನ ಕೈ ಹಿಡಿದಳು. ನನ್ನ ಕೈ! "ನಿಮ್ಮ ತಪ್ಪೇನಿಲ್ಲ ಆರ್ಲೀನ್. ನೀವು ಬಂದು ಹೇಳಿದ್ರಲ್ಲ, ಬೇರೆಯವರಾಗಿದ್ರೆ ಕಸದ ಬುಟ್ಟಿಗೆ ಹಾಕಿ ಸುಮ್ಮನಿರೋರು. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬರಬೇಕು. ಇದನ್ನೇ ಹಾಸ್ತೀನಿ. ಈ ತೂತಿನ ಪಕ್ಕ ನೀವೇ ಸಹಿ ಹಾಕಿ. ಅಮ್ಮ ಇದ್ದಿದ್ರೂ ಅದನ್ನೇ ಹೇಳೋಳು."

ಆಗಲಿ ಅಂದೆ. ಆಗಲಿ ಅಂದು ಬಂದೆ.

ನವೆಂಬರ್ 24, ಸೋಮವಾರ

ಓಡಿಲ ಮತ್ತೆ ನಮ್ಮ ಕಟ್ಟಡಕ್ಕೆ ಬಂದಿದ್ದಾಳೆ. ಕೊರಿನ್ ಒಂದು ಡಬ್ಬ ಡೋನಟ್ ಹಿಡಿದು ಹೋಗಿ ಕ್ಷಮೆ ಕೇಳಿದಳಂತೆ. ಈ ಗುರುವಾರದ ಹಬ್ಬದ ಊಟಕ್ಕೆ ಅವಳನ್ನೂ ಕರೆದಿದ್ದಾಳೆ. ಮೆಟ್ಟಿಲಲ್ಲಿ ಸಿಕ್ಕ ಕೊರಿನ್ ಖುಷಿಯಿಂದ ಹೇಳಿದಳು, "ನಿಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸ್ತೀನಿ!"

ಈ ಪುಸ್ತಕಕ್ಕೂ ಸುಳ್ಳು ಹೇಳಿ ಏನು ಬಂತು. ಬರೆಯುತ್ತೇನೆ. ಅಕ್ಟೋಬರಿನ ಆ ಗುರುವಾರ ಬಟ್ಟೆ ಮೇಜಿನ ಮೇಲಿತ್ತು, ಅಚ್ಚುಕಟ್ಟಾಗಿ ನಾಲ್ಕು ಮಡಿಕೆ. ಕೈಗೆತ್ತಿಕೊಂಡಾಗ ಇನ್ನೂ ಬಿಸಿಯಿತ್ತು. ಯಾರೋ ಆಗ ತಾನೇ ಡ್ರೈಯರ್‌ನಿಂದ ತೆಗೆದು, ಉಳಿದ ಬಟ್ಟೆ ಮನೆಗಿಟ್ಟು ಬರಲು ಹೋಗಿದ್ದರು. ಅದು ನನಗೆ ಗೊತ್ತಿತ್ತು. ಓಡಿಲ ಡ್ರೈಯರಿನ ಜಾಲರಿ ಒರೆಸುತ್ತಿದ್ದವಳು ತಿರುಗಿ ನೋಡಿ, "ಅಮ್ಮಾ, ಅದು ನಿಮ್ದೇನಾ?" ಅಂದಳು.

"ನಂದೇ," ಅಂದೆ.

ಎಷ್ಟು ಸಲೀಸಾಗಿ ಬಂತು. ಆಮೇಲೆ ಕೊರಿನ್ ಕೇಳಿದಾಗ ಅವಳು ನೋಡಿಲ್ಲ ಅಂದದ್ದು ನಿಜವೇ. ಅವಳ ಲೆಕ್ಕಕ್ಕೆ ಅವಳು ನೋಡಿದ್ದು ಮೂರನೇ ಮಹಡಿಯ ಅಮ್ಮನ ಬಟ್ಟೆಯನ್ನು. ಅಥವಾ ಅದು ಕೊರಿನ್‌ದೇ ಅಂತ ಅವಳಿಗೆ ಹೊಳೆದಿತ್ತೋ? ಹೊಳೆದೂ, ಬಾಡಿಗೆದಾರಳ ಮಾತಿನೆದುರು ತನ್ನ ಮಾತು ಯಾರು ನಂಬುತ್ತಾರೆ ಅಂತ ಎರಡು ಬಸ್ಸು ಹತ್ತಿ ಹೋಗಿದ್ದಳೋ?

ನವೆಂಬರ್ 27, ಥ್ಯಾಂಕ್ಸ್‌ಗಿವಿಂಗ್, ಮಧ್ಯಾಹ್ನ 2.10

ಊಟಕ್ಕೆ ಒಯ್ಯುವ ಪೈ ಬೆಂದಾಯಿತು. ಅಂಚು ಸ್ವಲ್ಪ ಸೀದಿದೆ. ಊಟ ಮೂರಕ್ಕೆ.

ತಲೆನೋವು ಅಂತ ಫೋನ್ ಮಾಡಬಹುದು. ಮಾಡಿದರೆ ಓಡಿಲ ಅಲ್ಲಿ ಒಬ್ಬಳೇ ಆ ಬಟ್ಟೆಯ ಮುಂದೆ ಕೂರುತ್ತಾಳೆ. ಗುರುತು ಹಿಡಿಯುತ್ತಾಳೆ, ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ಕೊರಿನ್ ಜೀವಮಾನವಿಡೀ ಅಮ್ಮನ ಬಟ್ಟೆ ತಾನೇ ಎಸೆದೆ ಅಂದುಕೊಂಡಿರುತ್ತಾಳೆ. ಅದರ ಮೇಲೆ ನನ್ನ ಹೆಸರನ್ನು ದಾರದಲ್ಲಿ ಹೊಲಿಯುತ್ತಾಳೆ.

2.35 — ಊಟಕ್ಕೆ ಮುಂಚೆಯೇ ಹೇಳಬೇಕು. ಅವರ ಉಪ್ಪು ತಿಂದ ಮೇಲಲ್ಲ. ಓಡಿಲಳ ಎದುರಿಗೇ ಹೇಳಬೇಕು, ಅವಳೂ ಕೇಳಿಸಿಕೊಳ್ಳಬೇಕು. ಬಾಯಿಪಾಠ ಮಾಡಿಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ಮತ್ತೆ ಜಾರುತ್ತೇನೆ.

'ಕೊರಿನ್, ಪೆನ್ಸಿಲ್ ಕೊಡೋ ಮುಂಚೆ ಒಂದು ಮಾತು. ಅದು ಶೆಲ್ಫಲ್ಲಿ ಇರಲಿಲ್ಲ. ನೀವು ಎಲ್ಲೂ ತಪ್ಪಿಟ್ಟಿರಲಿಲ್ಲ. ನಾನು...'

ಬಾಗಿಲು ತಟ್ಟಿದರು. ಕೊರಿನ್ ಅಲ್ಲ. "ಅಮ್ಮಾ, ಕೆಳಗೆ ಕರೀತಿದಾರೆ, ಜೊತೇಲೇ ಹೋಗೋಣ ಅಂತ ಬಂದೆ." ಓಡಿಲ.

ಬಂದೆ ಅಂದೆ. ಇನ್ನೂ ಎದ್ದಿಲ್ಲ. ಹೊರಗೆ ನಿಂತಿದ್ದಾಳೆ. ಮೊದಲು ಇವಳಿಗೇ ಹೇಳಬೇಕು.